ಹುಳ ಸಾಕಿದ ಸಾಹೇಬರು

ಎಲ್ಲರೂ ನೊಣ ಒಳಗೆ ಬಂದೀತೆಂದು ಬಾಗಿಲು ಹಾಕುತ್ತಾರೆ. ನೊಣ ಹೊರಗೆ ಹೋದೀತೆಂದು ಬಾಗಿಲು ಹಾಕುತ್ತಿದ್ದ ಒಬ್ಬ ಮನುಷ್ಯನನ್ನು ನಾನು ಬಲ್ಲೆ.

ನಾವು ಆಗಷ್ಟೇ ಕ್ರೈಸ್ಟ್‌ಚರ್ಚಿಗೆ ಬಂದು ಬಾಡಿಗೆ ಮನೆ ಹಿಡಿದಿದ್ದೆವು. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಬೇಲಿಯ ಆಚೆಯಿಂದ ಯಾರೋ ಫೋನಿನಲ್ಲಿ ಗದರುವುದು ಕೇಳಿಸಿತು. 'ಈ ವಾರ ಬರಾಕ ಆಗೂದಿಲ್ಲ ಅಂದ್ನಲ್ಲ, ಮೊಟ್ಟಿ ಇಡಾಕ್ಹತ್ಯಾವು, ಬಿಟ್ಟು ಹೆಂಗ ಬರ್ಲಿ?' ಹಾವೇರಿ ಸೀಮೆಯ ಕನ್ನಡ! ಊರು ಬಿಟ್ಟು ತಿಂಗಳಾಗಿತ್ತು, ನನಗೆ ಕಣ್ಣಲ್ಲಿ ನೀರೇ ಬಂತು. ಕೈಯಲ್ಲಿದ್ದ ಒದ್ದೆ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಸೀದಾ ಆ ಕಡೆ ನಡೆದೆ. ಹಿತ್ತಲ ಮೂಲೆಯಲ್ಲೊಂದು ಗಾಜಿನ ಮನೆ, ಅದರೊಳಗೆ ಹಳೆಯ ಸ್ವೆಟರ್ ತೊಟ್ಟ, ಕೊರಳಲ್ಲಿ ಭೂತಗನ್ನಡಿ ನೇತುಹಾಕಿಕೊಂಡ ಹಿರಿಯರು. ಬಾಗಿಲು ತಳ್ಳಿ 'ನಮಸ್ಕಾರ್ರೀ' ಎಂದೆ.

'ಬಾಗಲಾ ಹಾಕ್ರಿ ತಂಗಿ, ಲಗೂ ಬಾಗಲಾ ಹಾಕ್ರಿ! ನೊಣಾ ಹೊರಗ ಹೊಂಟಾವು!'

ಯಾರು, ಎಲ್ಲಿಯವರು, ಏನು ಕೆಲಸ, ಒಂದೂ ಇಲ್ಲ. ಅವರು ನನಗೆ ಹೇಳಿದ ಮೊದಲ ಮಾತು ಅದು. ಮೊಟ್ಟೆ ಇಡುತ್ತಿರುವುದು ಕೋಳಿ ಎಂದುಕೊಂಡಿದ್ದ ನಾನು ಸುತ್ತ ನೋಡಿದರೆ ಬದನೆ ಗಿಡದ ತುಂಬ ಬೆಳ್ಳಗೆ ಹಿಟ್ಟು ಚೆಲ್ಲಿದಂತೆ, ಎಲೆಯ ರಸ ಹೀರುವ ಸಣ್ಣ ಬಿಳಿ ನೊಣ. ಬೇರೆ ಯಾರಾದರೂ ಆಗಿದ್ದರೆ ನಾಚಿಕೊಳ್ಳುತ್ತಿದ್ದರು. ಇವರು ಮೊಮ್ಮಕ್ಕಳನ್ನು ತೋರಿಸುವ ಹಾಗೆ ಒಂದೊಂದೇ ಎಲೆ ತಿರುವಿ ತೋರಿಸಿದರು.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ವೆಲ್ಲಿಂಗ್ಟನ್ನಿನಲ್ಲಿ, ಮಗಳ ಮನೆಯಲ್ಲಿ. ಮಣ್ಣಿಗೆ ನಾನೂ ನನ್ನ ಗಂಡನೂ ವಿಮಾನದಲ್ಲಿ ಹೋಗಿ ಬಂದೆವು. ಆ ಊರಿನ ಗಾಳಿಯಲ್ಲಿ ಯಾರ ಮಾತೂ ಯಾರಿಗೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಕೇಳಿಸಿದ್ದರೂ ಅಲ್ಲಿ ಬಂದವರಿಗೆ ಅವರ ಬಗ್ಗೆ ಗೊತ್ತಿದ್ದದ್ದು ದೊಡ್ಡ ವಿಜ್ಞಾನಿ, ಒಳ್ಳೆಯ ಮನುಷ್ಯ, ಅಷ್ಟೇ. ಒಳ್ಳೆಯ ಮನುಷ್ಯ ಎಂದರೆ ಏನು ಹೇಳಿದಂತಾಯಿತು? ಸತ್ತವರೆಲ್ಲ ಒಳ್ಳೆಯವರೇ. ನನಗೆ ಗೊತ್ತಿದ್ದದ್ದನ್ನು ಬರೆದಿಡೋಣ ಎನಿಸಿತು.

ಊರು ಬ್ಯಾಡಗಿ. ತಂದೆ ಮೆಣಸಿನಕಾಯಿ ದಲಾಲರು. ಮಾರುಕಟ್ಟೆಯ ದಿನ ಊರಿಗೆ ಊರೇ ಸೀನುವಾಗ ಹುಟ್ಟಿದವನು ನಾನು ಎಂದು ಹೇಳಿಕೊಳ್ಳುತ್ತಿದ್ದರು. ಕೃಷಿ ಓದಿ, ಹುಳುಗಳ ಬಗ್ಗೆ ಇನ್ನಷ್ಟು ಓದಿ, ಇಲ್ಲಿಗೆ ಬಂದು ಒಂದು ಸಂಶೋಧನಾ ಕೇಂದ್ರದಲ್ಲಿ ಬಹಳ ವರ್ಷ ದುಡಿದವರು. ಇಲ್ಲಿಯ ಕನ್ನಡದವರಿಗೆಲ್ಲ ಅವರು ಅಂಕಲ್. ನಾನು ಸರ್ ಎನ್ನುತ್ತಿದ್ದೆ. ನಮ್ಮ ಅತ್ತೆ ಧಾರವಾಡದಿಂದ ಬಂದವರು 'ಸಾಹೇಬರು' ಎಂದು ಕರೆದ ಮೇಲೆ ನಮ್ಮ ಮನೆಯಲ್ಲಿ ಆ ಹೆಸರೇ ನಿಂತಿತು.

ಕೆಲಸ ಏನೆಂದರೆ, ಯಾವ ಮೆಣಸಿನ ಗಿಡ ಔಷಧ ಇಲ್ಲದೆ ತನ್ನನ್ನು ತಾನೇ ಹುಳದಿಂದ ಕಾಪಾಡಿಕೊಳ್ಳುತ್ತದೆ ಎಂದು ಹುಡುಕುವುದು. ನಾನು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು, ಎಲುಬು ಗೊತ್ತು, ಎಲೆ ಗೊತ್ತಿಲ್ಲ. ಆದರೂ ಬುದ್ಧಿವಂತೆಯ ಹಾಗೆ ಕೇಳಿದ್ದೆ.

'ಖಾರ ಹೆಚ್ಚಿದ್ದ ಗಿಡಕ್ಕ ಹುಳಾ ಬರೂದಿಲ್ಲ ಹೌದಲ್ರಿ ಸರ್?'

ಅವರು ಒಂದು ಎಲೆ ಕಿತ್ತು ನನ್ನ ಕೈಗೆ ಕೊಟ್ಟರು. 'ತಿಂದ ನೋಡ್ರಿ.'

ತಿಂದೆ. ಸಪ್ಪಗೆ, ಪಾಲಕ್ ಸೊಪ್ಪಿಗಿಂತ ಕಡೆ.

'ಖಾರ ಇರೂದು ಕಾಯಾಗ. ನೊಣಾ ಕೂಡೂದು ಎಲಿ ಮ್ಯಾಲ. ಮ್ಯಾಲ ಕಾಯಿ ಖಾರ ಐತೋ ತಮ್ಮಾ ಅಂತ ಕೆಳಗ ಎಲಿಗೆ ಕುಂತ ನೊಣಕ್ಕ ಯಾರ್ ಹೇಳ್ಬೇಕು? ಈ ಮಾತು ನಮ್ಮ ಕೇಂದ್ರದ ಡೈರೆಕ್ಟರೂ ಕೇಳಿದ್ರು, ನೀವೇನ್ ಬ್ಯಾಸರಾ ಮಾಡ್ಕೋಬ್ಯಾಡ್ರಿ.'

ಆಮೇಲೆ ಭೂತಗನ್ನಡಿಯನ್ನು ಕೊರಳಿಂದ ತೆಗೆಯದೆಯೇ ನನ್ನ ಕಣ್ಣಿಗೆ ಹಿಡಿದರು, ನಾನು ಅವರ ಗಡ್ಡದ ಹತ್ತಿರ ಬಗ್ಗಿ ನೋಡಬೇಕಾಯಿತು. ಕಾಡು ಮೆಣಸಿನಕಾಯಿ ಗಿಡದ ಎಲೆ. ಬರಿಗಣ್ಣಿಗೆ ಸುಮ್ಮನೆ ಮಸುಕು ಹಸಿರು. ಗಾಜಿನಲ್ಲಿ ನೋಡಿದರೆ ಮೈತುಂಬ ಕೂದಲು, ಕೆಲವು ಕೂದಲ ತುದಿಯಲ್ಲಿ ಅಂಟಿನ ಹನಿ. ಒಂದು ಬಿಳಿ ನೊಣ ಕಾಲು ಸಿಕ್ಕಿಸಿಕೊಂಡು ಒದ್ದಾಡುತ್ತಿತ್ತು.

'ಮುಳ್ಳಬೇಲಿಗೆ ಜೋನಿಬೆಲ್ಲ ಸವರಿದ್ಹಂಗ' ಎಂದರು. 'ಇದು ಕಾಡಿಂದು. ಜವಾರಿ ತಳಿಗಳಾಗೂ ಕೆಲವಕ್ಕ ಐತಿ. ಮನುಷ್ಯಾ ಏನ್ ಮಾಡಿದಾ, ದೊಡ್ಡ ಕಾಯಿ ಬೇಕು, ಸಿಹಿ ಬೇಕು, ನುಣುಪು ಬೇಕು ಅಂತ ಆರಿಸ್ಕೋಂತ ಬಂದಾ. ಗಿಡದ ಮೈಯಾಗಿನ ಕೂದಲಾ ಬೋಳಿಸಿಬಿಟ್ಟಾ. ಈಗ ಹುಳಾ ಬಂತು ಹುಳಾ ಬಂತು ಅಂತ ಹೊಯ್ಕೋತಾನ.'

ಜವಾರಿ, ಅಂದರೆ ಅಪ್ಪಟ ನಾಟಿ, ಎನ್ನುವುದು ಅವರ ಬಾಯಲ್ಲಿ ದೊಡ್ಡ ಬಿರುದು. ಸೂಟು ಹಾಕದ ಮಂತ್ರಿ ಜವಾರಿ. ತಪ್ಪಾದರೆ ಒಪ್ಪಿಕೊಳ್ಳುವ ಪ್ಲಂಬರ್ ಜವಾರಿ. ಎದುರು ಮನೆಯ ಮುದುಕಿ, ಇಲ್ಲಿಯವಳೇ, ಚಳಿಯಲ್ಲೂ ಬರಿಗಾಲಲ್ಲಿ ಡೇರಿಗೆ ಹಾಲು ತರಲು ಹೋಗುತ್ತಿದ್ದಳಲ್ಲ, ಅವಳನ್ನು ಕಂಡರೆ 'ಪಕ್ಕಾ ಜವಾರಿ' ಎಂದು ಎದ್ದು ನಿಲ್ಲುತ್ತಿದ್ದರು.

ಅವರ ಪರೀಕ್ಷೆ ನೋಡಲು ಬಹಳ ಸರಳ. ಎರಡು ಬಗೆಯ ಗಿಡಗಳನ್ನು ಪಕ್ಕ ಪಕ್ಕ ಇಡುವುದು, ನಡುವೆ ನೊಣ ಬಿಡುವುದು, ಎಲ್ಲಿ ಹೋಗುತ್ತವೆ ಎಂದು ನೋಡುವುದು. ಆದರೆ ಮೊದಲು ಎಲ್ಲಿ ಕುಳಿತವು ಎಂಬುದು ಅವರಿಗೆ ಮುಖ್ಯವೇ ಅಲ್ಲ. 'ಕುಂತದ್ದು ಲೆಕ್ಕಕ್ಕಿಲ್ಲ. ಬಣ್ಣಾ ಕಂಡು ಎಲ್ಲಿ ಬೇಕಾದ್ರೂ ಕೂಡ್ತಾವು. ಮೊಟ್ಟಿ ಎಲ್ಲಿಡ್ತಾವು ಅನ್ನೂದು ನೋಡ್ಬೇಕು.' ಈ ಮಾತನ್ನು ಅವರು ಗಿಡಕ್ಕಷ್ಟೇ ಅಲ್ಲ, ಜಗತ್ತಿಗೆಲ್ಲ ಅನ್ವಯಿಸುತ್ತಿದ್ದರು. ನಮ್ಮ ಕನ್ನಡ ಬಳಗದ ಯುಗಾದಿ ಊಟ ಎಂದರೆ ಒಬ್ಬೊಬ್ಬರು ಒಂದೊಂದು ಅಡುಗೆ ತರುವುದು. ಎಲ್ಲರೂ ತಟ್ಟೆ ಹಿಡಿದು ಮುಗಿಬಿದ್ದರೆ ಇವರು ಗೋಡೆಗೆ ಒರಗಿ ಕೈಕಟ್ಟಿ ನೋಡುತ್ತ ನಿಲ್ಲುತ್ತಿದ್ದರು. ಜನ ಮೊದಲು ಕೆಂಪಗೆ ಹೊಳೆಯುವ ಪನೀರಿಗೆ ಹೋಗುತ್ತಾರಂತೆ. ಎರಡನೆಯ ಸಲ ಎಲ್ಲಿಗೆ ಬರುತ್ತಾರೆ ಎಂಬುದೇ ನಿಜವಾದ ಫಲಿತಾಂಶವಂತೆ. ಒಮ್ಮೆ ನನ್ನ ಬಳಿ ಬಂದು ಗಂಭೀರವಾಗಿ, 'ತಂಗಿ, ನಿಮ್ಮ ಎಣ್ಣಿಗಾಯಿಗೆ ಮಂದಿ ಮೊಟ್ಟಿ ಇಟ್ಟಾರ್ರಿ' ಎಂದರು. ಹೊಗಳಿಕೆ ಎಂದು ನನಗೆ ಗೊತ್ತು. ಪಕ್ಕದಲ್ಲಿ ನಿಂತು ಅದೇ ಎಣ್ಣೆಗಾಯಿ ತಿನ್ನುತ್ತಿದ್ದ ಮೈಸೂರಿನ ಹೆಂಗಸಿಗೆ ಗೊತ್ತಿರಲಿಲ್ಲ, ಪಾಪ, ತಟ್ಟೆ ಕೆಳಗಿಟ್ಟು ಹೊರಗೆ ಹೋದಳು.

ನನ್ನ ಗಂಡನಿಗೆ ಬ್ರಿಸ್ಬೇನಿನಲ್ಲಿ ಕೆಲಸ ಬಂದಾಗಲೂ ಅದೇ ಮಾತು. ಇಲ್ಲಿಂದ ಅರ್ಧ ಮಂದಿ ಆಸ್ಟ್ರೇಲಿಯಾ ಕಡೆ ಮುಖ ಮಾಡಿಯೇ ಇರುತ್ತಾರೆ. 'ಹಾರಿ ಹೋಗಿ ಕೂಡೂದು ದೊಡ್ಡ ಮಾತಲ್ಲ. ಮಕ್ಕಳನ್ನ ಎಲ್ಲಿ ಬೆಳಸ್ತೀರಿ ಅನ್ನೂದು ವಿಚಾರ ಮಾಡ್ರಿ' ಎಂದು ಹೇಳಿ ಚಹ ಕುಡಿದು ಹೋದರು. ನಾವು ಹೋಗಲಿಲ್ಲ.

ಹೆಂಡತಿಯ ಹತ್ತಿರ ಮಾತ್ರ ಅವರ ವಿಜ್ಞಾನ ನಡೆಯುತ್ತಿರಲಿಲ್ಲ. ಆಕೆ ವೆಲ್ಲಿಂಗ್ಟನ್ನಿನ ಜಾನ್ಸನ್‌ವಿಲ್‌ನಲ್ಲಿ ಮಗಳ ಮನೆಯಲ್ಲೇ ಹೆಚ್ಚಾಗಿ ಇರುತ್ತಿದ್ದರು, ಮೊಮ್ಮಗಳನ್ನು ನೋಡಿಕೊಳ್ಳಲು. ಇವರು ನೊಣ ಬಿಟ್ಟು ಹೋಗುತ್ತಿರಲಿಲ್ಲ. 'ಮದವಿ ಆಗಿ ಇಷ್ಟ ವರ್ಷಾತು, ನನ್ನ ಮಾರಿ ಒಂದ್ಸಲಾನೂ ಇಷ್ಟ ಹತ್ತರದಿಂದ ನೋಡಿಲ್ಲ' ಎಂದು ಆಕೆ ನನ್ನೆದುರೇ ಭೂತಗನ್ನಡಿ ತೋರಿಸಿ ದೂರಿದಾಗ ಇವರು, 'ಇದನ್ನ ಹಿಡದು ನೋಡಿದ್ರ ಯಾವುದರಾಗಾದ್ರೂ ಊನ ಕಾಣ್ತೈತಿ, ಅದಕ್ಕ ನಿನ್ನ ಹಂಗ ನೋಡಿಲ್ಲ' ಎಂದರು. ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ನಿವೃತ್ತಿಯ ಹೊತ್ತಿಗೆ ಕೇಂದ್ರದವರು ಮೆಣಸಿನಕಾಯಿ ಕೆಲಸವನ್ನೇ ನಿಲ್ಲಿಸಿದರು. ದೊಣ್ಣಮೆಣಸಿನಕಾಯಿಗೆ ಕಾಡು ಮೆಣಸನ್ನು ಕೂಡಿಸಿ, ಹುಟ್ಟಿದ್ದನ್ನು ಮತ್ತೆ ದೊಣ್ಣಮೆಣಸಿಗೇ ಕೂಡಿಸಿ, ಪೀಳಿಗೆಯ ಮೇಲೆ ಪೀಳಿಗೆ ಆರಿಸುತ್ತ ಬಂದು, ಕಾಯಿ ದೊಡ್ಡದಾಗಿ ಸಿಹಿಯಾಗಿದ್ದರೂ ಎಲೆಯಲ್ಲಿ ಕಾಡಿನ ಕೂದಲು ಉಳಿದ ಒಂದು ತಳಿ ಅವರ ಕೈಗೆ ಬಂದಿತ್ತು. ಇಡೀ ಬದುಕಿನ ದುಡಿಮೆ ಅಂದರೆ ಅದೇ. ಆ ಬೀಜವನ್ನು ಅವರಿಗೆ ಬಿಟ್ಟುಕೊಟ್ಟರು. ಆದರೆ ಬೀಜ ಡಬ್ಬಿಯಲ್ಲಿ ಎಷ್ಟು ದಿನ ಬದುಕೀತು? ಬೆಳೆಯುವವರ ಕೈಗೆ ಹೋಗದಿದ್ದರೆ ಅದು ಅವರ ಜೊತೆಗೇ ಮುಗಿಯುವ ಕತೆ. ಒಬ್ಬೊಬ್ಬರನ್ನೇ ಕೇಳಿ ಸುಸ್ತಾದ ಮೇಲೆ ಊರಾಚೆ ದೊಡ್ಡ ಗಾಜಿನ ಮನೆಗಳಿದ್ದ ಒಬ್ಬ ಬೆಳೆಗಾರ ಒಪ್ಪಿದ. ಅವನ ಷರತ್ತು ಇಷ್ಟು: ಒಂದು ಬೇಸಿಗೆ, ನಿಮ್ಮ ಗಾಜಿನ ಮನೆಯಲ್ಲಿ, ನಾನು ಬೆಳೆಯುವ ಜಾತಿಯ ಗಿಡದ ಪಕ್ಕದಲ್ಲೇ ಬೆಳೆದು, ನೊಣ ಬಿಟ್ಟು, ಔಷಧ ಹೊಡೆಯದೆ ತೋರಿಸಿ. ಮಾರ್ಚ್ ಕೊನೆಗೆ ಬಂದು ನೋಡುತ್ತೇನೆ. ನಿಮ್ಮದು ನಿಂತರೆ ನನ್ನಲ್ಲಿ ಎರಡು ಸಾಲು ನಿಮಗೆ.

ಆ ಬೇಸಿಗೆಯೇ ನಮ್ಮ ಅತ್ತೆ ಬಂದದ್ದು. ಅತ್ತೆ ಸುಮ್ಮನೆ ಕೂರುವ ಜಾತಿಯಲ್ಲ. ನಮ್ಮ ಹಿತ್ತಲ ಹುಲ್ಲನ್ನು ಕುಡುಗೋಲಿನಿಂದ ಕೊಯ್ಯಲು ಹೊರಟವರು. ಬರುವಾಗ ಒಂದು ಚೀಲ ಬ್ಯಾಡಗಿ ಮೆಣಸಿನಕಾಯಿ ತಂದಿದ್ದರು, ವಿಮಾನ ನಿಲ್ದಾಣದಲ್ಲಿ ತೋರಿಸಿ, ಬಿಚ್ಚಿ ನೋಡಿಸಿಕೊಂಡು ತಂದದ್ದು. ಸಾಹೇಬರು ಅದರಿಂದ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಬೀಜ ಗಲಗಲ ಎಂದಿತು. ಬಹಳ ಹೊತ್ತು ಅಲ್ಲಾಡಿಸುತ್ತಲೇ ಇದ್ದರು.

'ಬಿತ್ತಿ ನೋಡ್ರಿ ಸಾಹೇಬ್ರ, ಅಸಲ ಜವಾರಿ ಐತಿ' ಎಂದರು ಅತ್ತೆ.

'ಇಲ್ರಿ ಅಕ್ಕಾರ. ಇದು ತಿನ್ನಾಕ ಅಂತ ಹೇಳಿ ಒಳಗ ಬಂದೈತಿ. ಬಿತ್ತಿದ್ರ ಇದರ ಜೋಡಿ ಯಾವ ರೋಗ ಹೊರಗ ಬರ್ತೈತೋ ಯಾರಿಗ್ಗೊತ್ತು. ಚಟ್ನಿ ಮಾಡೂಣು.'

ಬೀಜವನ್ನು ಗೊಬ್ಬರದ ಗುಂಡಿಗೂ ಹಾಕಬೇಡಿ ಎಂದು ನನಗೆ ಬೇರೆ ತಾಕೀತು ಮಾಡಿದರು. ಕೆಂಪು ಚಟ್ನಿಗೆ ಬೆಳ್ಳುಳ್ಳಿ ಜಜ್ಜಿದ್ದು ಅವರೇ. ಅತ್ತೆಗೆ ಅಂದಿನಿಂದ ಸಾಹೇಬರೆಂದರೆ ಆಯಿತು.

ಫೆಬ್ರವರಿ ಹೊತ್ತಿಗೆ ಸಾಹೇಬರ ಮಗಳಿಗೆ ಎರಡನೆಯ ಹೆರಿಗೆ. ಹೆಂಡತಿ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದರು, ಈ ಸಲ ಬರದಿದ್ದರೆ ನೊಣದ ಮನೆಯಲ್ಲೇ ಇರು ಎಂದು. ಇವರು ಹೊರಟರು. ಗಾಜಿನ ಮನೆಯ ಕೀಲಿ ನನಗೆ ಕೊಟ್ಟರು. ನೀರು ಹಾಕುವುದಷ್ಟೇ ಕೆಲಸ. ಔಷಧ ಹೊಡೆಯಬಾರದು, ಎಲೆ ಮುಟ್ಟಬಾರದು ಎಂದು ದೊಡ್ಡ ಅಕ್ಷರದಲ್ಲಿ ಬಾಗಿಲಿಗೆ ಅಂಟಿಸಿದ್ದರು, ಇಂಗ್ಲಿಷಿನಲ್ಲಿ.

ಅತ್ತೆಗೆ ಇಂಗ್ಲಿಷು ಬರುವುದಿಲ್ಲ.

ನಾನು ಆಸ್ಪತ್ರೆಗೆ ಹೋಗುವ ಗಡಿಬಿಡಿಯಲ್ಲಿದ್ದರೆ 'ನೀರ ಹಾಕೂದಷ್ಟ ಹೌದಲ್ಲ, ಕೊಡು ಇಲ್ಲಿ' ಎಂದು ಕೀಲಿ ಇಸಿದುಕೊಂಡರು. ಎರಡು ದಿನ ಅವರ ಮುಖ ಸಪ್ಪಗಿತ್ತು. ಆಮೇಲೆ ಅಡುಗೆಮನೆಯಲ್ಲಿ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಅರೆದ ವಾಸನೆ ಜೋರಾಯಿತು. ಮನೆಗೇ ಏನೋ ಮಾಡುತ್ತಿದ್ದಾರೆ ಎಂದುಕೊಂಡೆ. ವಾರಾಂತ್ಯ ಅವರೇ ನನ್ನ ಕೈ ಹಿಡಿದು ಗಾಜಿನ ಮನೆಗೆ ಕರೆದುಕೊಂಡು ಹೋದರು.

'ನೋಡ ಬಾ. ಸಾಹೇಬ್ರು ಹೆಣ್ಮಕ್ಕಳಿಲ್ಲದ ಮನ್ಯಾಗ ಗಿಡದ ಗತಿ ಏನ್ ಮಾಡಿದ್ರು ಅಂತೀ. ಹಾಲ ಚೆಲ್ಲಿದ್ಹಂಗ ಕುಂತಿದ್ದವು ನೊಣ! ನನಗ ಹೊಟ್ಟಿಗೆ ಅನ್ನ ಸೇರಲಿಲ್ಲವಾ.'

ಒಂದು ನೊಣ ಇರಲಿಲ್ಲ. ಬೆಳ್ಳುಳ್ಳಿ, ಮೆಣಸಿನಕಾಯಿ, ಸಾಬೂನಿನ ನೀರು ಮಾಡಿ ಹೊಡೆದದ್ದಷ್ಟೇ ಅಲ್ಲ, ಒಂದೊಂದು ಎಲೆಯನ್ನೂ ತಿರುವಿ, ಮಾವನವರ ಹಳೆಯ ಧೋತರದ ಚೂರಿನಿಂದ ಕೂಸಿನ ಮೈ ಒರೆಸುವ ಹಾಗೆ ಒರೆಸಿದ್ದರು. ನೊಣ ಸಾಕುವ ಬದನೆ ಗಿಡಗಳನ್ನೂ ಬಿಟ್ಟಿರಲಿಲ್ಲ. ಬೆಳೆಗಾರನ ನುಣುಪು ಎಲೆಯ ಗಿಡ, ಸಾಹೇಬರ ಕೂದಲೆಲೆಯ ಗಿಡ, ಎಲ್ಲವೂ ಒಂದೇ ಹಾಗೆ ಥಳಥಳ. ಎಲ್ಲಿ ಮೊಟ್ಟೆ ಇತ್ತು, ಎಲ್ಲಿ ಇರಲಿಲ್ಲ ಎಂದು ಇನ್ನು ದೇವರೇ ಹೇಳಬೇಕು. ಬಾಗಿಲ ಮೇಲಿನ ಕಾಗದ ತೋರಿಸಲು ಕೈ ಎತ್ತಿದವಳು ಇಳಿಸಿದೆ. ಅತ್ತೆಯ ಬೆರಳುಗಳು ಮೆಣಸಿನಕಾಯಿಗೆ ಉರಿದು ಕೆಂಪಾಗಿದ್ದವು.

ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡು ಫೋನ್ ಮಾಡಿದೆ. ಎಲ್ಲ ಹೇಳಿ ಮುಗಿಸಿದ ಮೇಲೆ ಸಾಹೇಬರು ಕೇಳಿದರು.

'ಎಲ್ಲಾನೂ?'

'ಎಲ್ಲಾನೂ ಸರ್.'

'ಬದನಿನೂ?'

'ಹೂಂ ಸರ್.'

'ಅಕ್ಕಾರು ಆರಾಮ ಅದಾರಲ್ಲ? ಗಾಜಿನ ಮನಿ ಬಾಗಲಾ ಹಾಕ್ಕೊಂಡು ಆ ಖಾರದ ನೀರು ಹೊಡದ್ರ ಉಸರು ಕಟ್ತೈತಿ. ಕೆಮ್ಮಾಕ್ಹತ್ತಾರೇನು?'

ನಾನು ಅತ್ತುಬಿಟ್ಟೆ. 'ಅವರಿಗೆ ಹೇಳಬ್ಯಾಡ್ರಿ ತಂಗಿ. ತಪ್ಪು ನಂದು. ದಿನಾ ಅವರ ಜೋಡಿ ಕನ್ನಡದಾಗ ಮಾತಾಡಾಂವ, ಬೋರ್ಡ ಬರಿಯೂ ಹೊತ್ತಿಗೆ ಇಂಗ್ಲಿಷು ನೆನಪಾತು ನನಗ' ಎಂದರು.

ಬಂದವರು ಚೀಲ ಇಟ್ಟು ಸೀದಾ ಗಾಜಿನ ಮನೆಗೆ ಹೋದರು. ಅತ್ತೆ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತರು, ಪರೀಕ್ಷೆಯ ಫಲಿತಾಂಶಕ್ಕೆ ನಿಂತ ಹುಡುಗಿಯ ಹಾಗೆ. ಸಾಹೇಬರು ಒಂದು ಎಲೆ ತಿರುವಿದರು, ಇನ್ನೊಂದು ತಿರುವಿದರು, ಸಾಲಿನ ಕೊನೆಯವರೆಗೆ ಹೋದರು. ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ತಿರುಗಿದಾಗ ಮುಖದಲ್ಲಿ ನಗುವಿತ್ತು. ಆ ನಗುವನ್ನು ಎಲ್ಲಿಂದ ತಂದರೋ!

'ಅಕ್ಕಾರ, ಇಷ್ಟು ಸ್ವಚ್ಛ ಕೆಲಸಾ ನಾ ನನ್ನ ಜೀವಮಾನದಾಗ ನೋಡಿಲ್ರಿ.'

ಹೌದು, ಸುಳ್ಳು ಒಂದಕ್ಷರ ಇಲ್ಲ. ಅತ್ತೆ ಉಬ್ಬಿಹೋಗಿ ಮಂಡಕ್ಕಿ ಕಲಸಿ ಗಿರಮಿಟ್ಟು ಮಾಡಿ ತಂದರು. ಸಾಹೇಬರು ಅಲ್ಲೇ ಕುಂಡದ ಮೇಲೆ ಕುಳಿತು ಎರಡು ಸಲ ಹಾಕಿಸಿಕೊಂಡು ತಿಂದರು.

ಮತ್ತೆ ನೊಣ ಸಾಕಿ, ಬಿಟ್ಟು, ಮೊಟ್ಟೆಯಾಗುವಷ್ಟು ಕಾಲ ಉಳಿದಿರಲಿಲ್ಲ. ಮಾರ್ಚ್ ಕೊನೆಗೆ ಬೆಳೆಗಾರ ತನ್ನ ಯೂಟ್, ಹಿಂದೆ ಸಾಮಾನು ಹೇರುವ ಗಾಡಿ, ತಂದು ನಿಲ್ಲಿಸಿದ. ಚಡ್ಡಿ, ಗಮ್‌ಬೂಟು, ಕೆಂಪು ಮುಖ. ಆ ಹೊತ್ತಿಗೆ ಅಲ್ಲೊಂದು ಇಲ್ಲೊಂದು ನೊಣ ಹಾರಾಡುತ್ತಿತ್ತಷ್ಟೇ. ಅತ್ತೆ ಚಹದ ತಟ್ಟೆ ಹಿಡಿದು ಬಂದರು, ನಾನೂ ಜೊತೆಗಿದ್ದೆ. ಅವನು ಸಾಹೇಬರ ಗಿಡಗಳ ಎಲೆ ತಿರುವಿದ. ಇನ್ನೊಂದು ತಿರುವಿದ. ಸಿಳ್ಳೆ ಹೊಡೆದ. ಕಾಯಿ ಕಿತ್ತು ಕಚ್ಚಿ ನೋಡಿದ, ಸಿಹಿ. 'ಗುಡ್ ಆನ್ ಯಾ ಮೇಟ್!' ಎಂದು ಕೈ ಚಾಚಿದ. ಎರಡು ಸಾಲು ಅಲ್ಲ, ನಾಲ್ಕು ಕೊಡುತ್ತೇನೆ ಎಂದ.

ಹಿಡೀರಿ ಸರ್, ಆ ಕೈ ಹಿಡೀರಿ ಎಂದು ನನ್ನ ಜೀವ ಕೂಗುತ್ತಿತ್ತು. ಸಾಹೇಬರು ತಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

'ನಿಮ್ಮ ಜಾತಿಯ ಗಿಡ ನೋಡಲಿಲ್ಲ ನೀವು' ಎಂದರು ಇಂಗ್ಲಿಷಿನಲ್ಲಿ. 'ಅದನ್ನೂ ತಿರುವಿ ನೋಡಿ.'

ಅವನು ಪಕ್ಕದ ಸಾಲಿನ ಎಲೆ ತಿರುವಿದ. ಹುಬ್ಬು ಮೇಲೆ ಹೋಯಿತು. ಅದೂ ಸ್ವಚ್ಛ.

'ನಡುವೆ ಎಲ್ಲ ಗಿಡಗಳನ್ನೂ ತೊಳೆಯಲಾಗಿದೆ. ಹೀಗಾಗಿ ಇದು ಪರೀಕ್ಷೆಯೇ ಅಲ್ಲ. ಇದನ್ನು ನೋಡಿ ನೀವು ಸಾಲು ಕೊಡಬಾರದು.'

'ಯಾರು ತೊಳೆದದ್ದು?'

'ನನ್ನ ಗಾಜಿನ ಮನೆ. ನನ್ನ ತಪ್ಪು.'

ಒಂದಕ್ಷರ ತಿಳಿಯದ ಅತ್ತೆ, ತಮ್ಮ ಗಿಡಗಳನ್ನು ಹೊಗಳುತ್ತಿದ್ದಾರೆ ಎಂದುಕೊಂಡು ನಗುತ್ತ ಚಹದ ಕಪ್ಪನ್ನು ಬೆಳೆಗಾರನ ಕೈಗೆ ಕೊಟ್ಟರು. ಅವನು ಕುಡಿದ, ತಲೆ ಕೆರೆದುಕೊಂಡ, ಮುಂದೆ ಯಾವಾಗಲಾದರೂ ನೋಡೋಣ ಎಂದು ಹೇಳಿ ಹೊರಟುಹೋದ.

ನನಗೆ ಸಿಟ್ಟು ನೆತ್ತಿಗೇರಿತ್ತು. ಅತ್ತೆ ಒಳಗೆ ಹೋಗುವುದನ್ನೇ ಕಾದು ಶುರು ಮಾಡಿದೆ. 'ಏನ್ ಮಾಡಿದ್ರಿ ಸರ್ ಇದು? ಜನ್ಮ ಎಲ್ಲಾ ಇದಕ್ಕ ಹಾಕೀರಿ. ನಿಮ್ಮ ಗಿಡಾ ಛಲೋನ ಐತಿ ಅಂತ ನಿಮಗ ಗೊತ್ತೈತಿ. ಸುಮ್ಮ ಇದ್ದಿದ್ರ ಯಾರಿಗೆ ಗೊತ್ತಾಗ್ತಿತ್ತು?'

'ನೊಣಕ್ಕ ಗೊತ್ತಾಗ್ತಿತ್ತಲ್ಲ ತಂಗಿ. ಅಂವನ ಗಾಜಿನ ಮನ್ಯಾಗ ಹೋಗಿ ನೊಣಕ್ಕ ಸುಳ್ಳ ಹೇಳಾಕ ಬರೂದಿಲ್ಲ.'

'ಅಲ್ರೀ, ಅಲ್ಲೂ ನಿಮ್ಮ ಗಿಡಾ ನಿಲ್ತಿತ್ತು!'

'ನಿಲ್ತಿತ್ತು ಅಂತ ನನಗೂ ಅನಸ್ತೈತಿ. ಅನಸೂದಕ್ಕ ಏನ್ ಕಿಮ್ಮತ್ತು?' ಎಂದು ಹೇಳಿ ಖಾಲಿ ಕಪ್ಪು ತೊಳೆಯಲು ಹೋದರು. ತೊಳೆದ ಕಪ್ಪನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದದ್ದನ್ನು ಆಗ ನೋಡಿದೆ. ಅವರಿಗೆ ನೋವಾಗಿರಲಿಲ್ಲ ಎಂದು ಯಾರೂ ತಿಳಿಯಬಾರದು.

ಮರುವರ್ಷ ಅವರ ಎದೆ ಕೈಕೊಟ್ಟಿತು. ಆಪರೇಷನ್ ಆಗಿ ಮಗಳ ಮನೆಗೆ ಹೋದರು, ಗಾಜಿನ ಮನೆ ಆ ಬೇಸಿಗೆಯೆಲ್ಲ ಖಾಲಿ ಬಿದ್ದಿತ್ತು. ಕೊನೆಯ ಸಲ ನೋಡಲು ಹೋದಾಗ ದಿಂಬಿಗೆ ಒರಗಿ, ಕಿಟಕಿಯಾಚೆ ಜಾನ್ಸನ್‌ವಿಲ್ ರೈಲು ಹೋಗುವುದನ್ನು ನೋಡುತ್ತ ಕುಳಿತಿದ್ದರು. ನಾನು ಹೊರಡಲು ಏಳುವಾಗ, 'ಒಂದ ಬ್ಯಾಸಿಗಿ ನೊಣಾ ಸಾಕ್ತೀರೇನು ತಂಗಿ? ನಾ ಆ ಬೆಳೆಗಾರಗ ಫೋನ್ ಮಾಡೇನಿ. ಇನ್ನೊಂದ್ಸಲ ಬಂದ ನೋಡ್ತೀನಿ ಅಂದಾನ' ಎಂದರು. ತನಗೆಂದು ಯಾರನ್ನೂ ಏನೂ ಕೇಳದ ಮನುಷ್ಯ. ಹೂಂ ಎಂದೆ. ನನಗೆ ಜಿರಳೆ ಕಂಡರೂ ಆಗದು, ಅದು ಅವರಿಗೂ ಗೊತ್ತಿತ್ತು.

ಸಾಕಿದೆ. ಅವರು ಹೋದ ಮೇಲೆ, ಸೆಪ್ಟೆಂಬರಿನಲ್ಲಿ, ಅವರ ಬೀಜ ಬಿತ್ತಿದೆ, ಬದನೆ ಗಿಡದಲ್ಲಿ ನೊಣ ಬೆಳೆಸಿದೆ, ಬಾಗಿಲು ಲಗೂ ಹಾಕುವುದನ್ನು ಕಲಿತೆ. ಕೂದಲಲ್ಲಿ ನೊಣ, ಚಹದಲ್ಲಿ ನೊಣ. ಗಂಡ ಗಾಜಿನ ಮನೆಯಿಂದ ಬಂದ ನನ್ನನ್ನು ಹೊರಗೇ ಕೊಡವಿಕೊಂಡು ಬಾ ಎನ್ನುತ್ತಿದ್ದರು. ಬೇಸಿಗೆಯ ನಡುವೆ ಬೆಳೆಗಾರನ ಸಾಲು ಅಂಟಂಟಾಗಿ, ಕಪ್ಪು ಹಿಡಿದು, ನೋಡಲು ಸಂಕಟವಾಗುವ ಹಾಗಾಯಿತು. ಪಕ್ಕದ ಸಾಲಿನಲ್ಲೂ ನೊಣ ಕೂರುತ್ತಿದ್ದವು, ಏಳುತ್ತಿದ್ದವು. ಭೂತಗನ್ನಡಿ ಹಿಡಿದು ಹುಡುಕಿದರೆ ಮೊಟ್ಟೆ ಎಲ್ಲೋ ಒಂದೊಂದು. ಗಿಡ ಮಾತ್ರ ಹಸಿರಾಗಿಯೇ ನಿಂತಿತ್ತು. ಕಳೆದ ವಾರ ಬೆಳೆಗಾರ ಬಂದ. ಈ ಸಲ ಮೊದಲು ತನ್ನ ಜಾತಿಯ ಗಿಡವನ್ನೇ ತಿರುವಿ ನೋಡಿದ, ಆಮೇಲೆ ಸಾಹೇಬರದನ್ನು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಬರುವ ಹಂಗಾಮಿಗೆ ನಾಲ್ಕು ಸಾಲು ಹಾಕುತ್ತೇನೆ, ಔಷಧ ಇಲ್ಲದೆ, ಎಂದ. ಅವರ ಮಗಳಿಗೆ ಫೋನ್ ಮಾಡಿದೆ. ಇಬ್ಬರೂ ಅತ್ತೆವು.

ಆ ಸಂಜೆ ಧಾರವಾಡದಿಂದ ಅತ್ತೆಯ ವಿಡಿಯೋ ಕರೆ ಬಂತು. ಸಾಹೇಬರ ಗಿಡ ನಾನು ನೋಡಿಕೊಳ್ಳುತ್ತಿದ್ದೇನೆ ಎಂದು ಮಗನಿಂದ ತಿಳಿದಿತ್ತು. 'ತೋರ್ಸವಾ, ಹೆಂಗ್ ಅದಾವು?' ಎಂದರು. ನಾನು ಯೋಚಿಸದೆ ಗಾಜಿನ ಮನೆಗೆ ಹೋಗಿ ಫೋನ್ ತಿರುಗಿಸಿದೆ.

'ಅಯ್ಯ ಶಿವನ! ಏನ ಮಾಡೀ ಇದು! ಹಿಂಗ ಹುಳಾ ಬಿಟ್ಟು ಕೊಲ್ಲಾಕ್ಹತ್ತೀಯಲ್ಲ ಗಿಡಾನ್ನ! ಬಳ್ಳೊಳ್ಳಿ ಅರದು ಹೊಡಿ ಅಂತ ಎಷ್ಟಸಲ ಹೇಳಿದ್ದೆ ನಿನಗ? ಆ ಮನಿಷ್ಯಾ ಇಲ್ಲ ಅಂತ ಹಿಂಗ ಮಾಡ್ತಾರೇನು?'

ಅವರ ಬಾಯಿ ಕಟ್ಟಲು ಪಕ್ಕದ ಸಾಲು ತೋರಿಸಿದೆ.

'ಹಾಂ, ಇವು ಛಲೋ ಅದಾವು. ಈ ಸಾಲಿಗೆ ಹೊಡದೀ, ಆ ಸಾಲಿಗೆ ಯಾಕ ಹೊಡೀಲಿಲ್ಲ?'

'ಯಾವದಕ್ಕೂ ಹೊಡದಿಲ್ರಿ ಅತ್ತಿ.'

'ಒರಿಸೀ ಏನು ಮತ್ತ?'

'ಇಲ್ರಿ.'

ಅತ್ತೆ ಎರಡೂ ಸಾಲುಗಳನ್ನು ಮತ್ತೊಮ್ಮೆ ನೋಡಿದರು. ಮೆಣಸಿನಕಾಯಿ ಸೀಮೆಯ ಹೆಂಗಸು, ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ತೆರೆಯ ಮೇಲೆ ಅವರ ಮುಖ ಹತ್ತಿರ ಬಂತು.

'ಹುಳಾ ಬೇಕಂತನ ಬಿಟ್ಟದ್ದ?'

'ಹೂಂನ್ರಿ.'

'ಅವತ್ತೂ?'

ಹೇಳಬ್ಯಾಡ ಎಂದಿದ್ದ ಸಾಹೇಬರ ನೆನಪಾಗಿ ಮಾತು ಮರೆಸಲು ನೋಡಿದೆ. ಅದೇ ಅವರಿಗೆ ಉತ್ತರವಾಯಿತು.

'ಹಂಗಾರ ನಾ ಎಲ್ಲಾ ಒರಿಸಿ ಹಾಳ ಮಾಡಿದ್ನಲ್ಲ' ಎಂದರು ಅತ್ತೆ. ದನಿ ಸಣ್ಣಗಾಗಿತ್ತು. 'ಮತ್ತ ನನ್ನ ಮುಂದ ಕುಂತು ಎರಡ ಸಲ ಗಿರಮಿಟ್ಟ ಹಾಕಿ ತಿಂದ್ರಲ್ಲವಾ. ಒಂದ ಮಾತ ಅನ್ನಲಿಲ್ಲಲ್ಲ ನನಗ.'

'ಇಲ್ರಿ. ಅನ್ನಲಿಲ್ಲ.'

ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಮೂಗು ಏರಿಸಿ, ಎಂದಿನ ಗದರುವ ದನಿಯಲ್ಲಿ ಹೇಳಿದರು.

'ಆ ಹುಳದ ಸಾಲು ತೋರ್ಸು ಇನ್ನೊಮ್ಮೆ. ಹಾಂ. ಅದನ್ನ ಮುಟ್ಟಬ್ಯಾಡ ನೀ. ಯಾರಿಗೂ ಮುಟ್ಟಗೊಡಬ್ಯಾಡ. ತಿನ್ಲಿ. ಹೊಟ್ಟಿ ತುಂಬ ತಿನ್ಲಿ.'